ನೋಂದಣಿಯಿಲ್ಲದ ನಾಯಿಯನ್ನು ಪ್ರದರ್ಶನಕ್ಕೆ ಒಯ್ಯುವ ಮುನ್ನ

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ನಾಯಿ ಸಾಕುವುದು ಹೊಸ ಸಂಗತಿಯಲ್ಲ. ಕುರಿದೊಡ್ಡಿಯ ಕಾವಲಿಗೆ, ತೊಗರಿ ಮತ್ತು ಜೋಳದ ಹೊಲದ ಕಾವಲಿಗೆ ನಮ್ಮ ರೈತರು ಹಿಂದಿನಿಂದಲೂ ನಾಯಿಯನ್ನು ನೆಚ್ಚಿದ್ದಾರೆ. ಇವುಗಳಲ್ಲಿ ಜವಾರಿ ನಾಯಿಗಳೂ ಇವೆ, ಮುಧೋಳ ತಳಿಯ ಉದ್ದ ಮುಖ, ಒಳಸೇರಿದ ಹೊಟ್ಟೆಯ ಓಟದ ನಾಯಿಗಳೂ ಇವೆ. ಒಳ್ಳೆಯ ನಾಯಿ ಇದ್ದವರಿಗೆ ಅದನ್ನು ಕೃಷಿ ಮೇಳದಲ್ಲೋ ಜಾತ್ರೆಯಲ್ಲೋ ನಡೆಯುವ ಶ್ವಾನ ಪ್ರದರ್ಶನಕ್ಕೆ ಒಯ್ಯಬೇಕೆಂಬ ಆಸೆ ಸಹಜ. ಆದರೆ ಅರ್ಜಿಯಲ್ಲಿ ‘ನೋಂದಣಿ ಸಂಖ್ಯೆ’, ‘ತಂದೆ-ತಾಯಿಯ ಹೆಸರು’ ಎಂಬ ಕಲಮುಗಳು ಬಂದಾಗ ಕೈ ನಿಲ್ಲುತ್ತದೆ. ಹಳ್ಳಿಯಲ್ಲಿ ಹುಟ್ಟಿದ ನಾಯಿಗೆ ಕಾಗದ ಎಲ್ಲಿಂದ ಬರಬೇಕು?

ಕಾಗದವಿಲ್ಲವೆಂದು ಮನೆಗೆ ಮರಳಬೇಕೆ? ಬೇರೆ ನಾಯಿಯ ಕಾಗದ ತೋರಿಸಿದರೆ ನಡೆದೀತೆ? ಇದಕ್ಕೆ ಉತ್ತರ ತಿಳಿಯಬೇಕಾದರೆ ನೋಂದಣಿಯ ಉದ್ದೇಶವನ್ನು ಮೊದಲು ಅರಿಯಬೇಕು.

ಸ್ಪರ್ಧೆಗಳಲ್ಲಿ ಎರಡು ಬಗೆ

ಮೊದಲನೆಯದು ತಳಿ ಪ್ರದರ್ಶನ. ಇಲ್ಲಿ ತೀರ್ಪುಗಾರರು ನಾಯಿಯ ಮೈಕಟ್ಟು, ಎತ್ತರ, ಹಲ್ಲು, ನಡಿಗೆ, ಸ್ವಭಾವಗಳನ್ನು ಆ ತಳಿಗೆ ಗೊತ್ತುಪಡಿಸಿದ ಲಕ್ಷಣಗಳೊಡನೆ ಹೋಲಿಸುತ್ತಾರೆ. ಮುಂದಿನ ಪೀಳಿಗೆಗೆ ಯೋಗ್ಯವಾದ ಗಂಡು-ಹೆಣ್ಣುಗಳನ್ನು ಗುರುತಿಸುವುದೇ ಇದರ ಮೂಲ ಉದ್ದೇಶ. ಆದ್ದರಿಂದ ಇಲ್ಲಿ ವಂಶ ಮುಖ್ಯವಾಗುತ್ತದೆ.

ಎರಡನೆಯದು ಕೆಲಸದ ಸ್ಪರ್ಧೆ. ಓಟ, ಆಜ್ಞಾಪಾಲನೆ, ಅಡೆತಡೆ ದಾಟುವುದು ಮುಂತಾದವು ಇದರಲ್ಲಿ ಸೇರುತ್ತವೆ. ಇಲ್ಲಿ ನಾಯಿ ಏನು ಮಾಡಬಲ್ಲದು ಎಂಬುದೇ ಪರೀಕ್ಷೆ, ವಂಶದ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಅಮೆರಿಕದ ಕೆನಲ್ ಕ್ಲಬ್ 2010ರಿಂದ ಮಿಶ್ರ ತಳಿಯ ನಾಯಿಗಳಿಗೂ ಇಂಥ ಸ್ಪರ್ಧೆಗಳಲ್ಲಿ ಅವಕಾಶ ಕೊಟ್ಟಿದೆ.

ಕಾಗದ ಏಕೆ ಬಂತು?

ಇಂದಿನ ಬಗೆಯ ಮೊದಲ ನಾಯಿ ಪ್ರದರ್ಶನವೆಂದು ಹೆಸರಾದದ್ದು 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಡೆಯಿತು. ಪಾಯಿಂಟರ್ ಮತ್ತು ಸೆಟರ್ ಎಂಬ ಎರಡು ಬಗೆಯ ಬೇಟೆ ನಾಯಿಗಳು ಮಾತ್ರ ಅಲ್ಲಿ ಬಂದಿದ್ದವು. ಪಾಯಿಂಟರ್ ವರ್ಗದ ತೀರ್ಪುಗಾರನ ನಾಯಿಗೆ ಸೆಟರ್ ವರ್ಗದ ಬಹುಮಾನ, ಸೆಟರ್ ವರ್ಗದ ತೀರ್ಪುಗಾರನ ನಾಯಿಗೆ ಪಾಯಿಂಟರ್ ವರ್ಗದ ಬಹುಮಾನ ಬಂದವು! ಆ ಕಾಲದಲ್ಲಿ ಒಂದೇ ಹೆಸರಿನ ಹತ್ತಾರು ನಾಯಿಗಳಿದ್ದವು. ಯಾವ ನಾಯಿ ಯಾವುದರ ಮರಿ ಎಂಬುದಕ್ಕೆ ಆಧಾರವಿರಲಿಲ್ಲ. ಈ ಗೊಂದಲ ತಪ್ಪಿಸಲು 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಮರುವರ್ಷ ಅದರ ಮೊದಲ ವಂಶಾವಳಿ ಪುಸ್ತಕ ಹೊರಬಂತು.

ಎಂದರೆ, ಇದು ನಾಯಿಗೆ ಕೊಟ್ಟ ದೊಡ್ಡಸ್ತಿಕೆಯ ಪಟ್ಟವಲ್ಲ. ಇಂಥ ನಾಯಿ ಇಂಥ ತಂದೆ-ತಾಯಿಗೆ ಹುಟ್ಟಿದ್ದು ಎಂದು ಸಾಕಿದವನು ನುಡಿಯುವ ಸಾಕ್ಷಿ. ಸಾಕ್ಷಿ ಸುಳ್ಳಾದರೆ ಪುಸ್ತಕಕ್ಕೆ ಬೆಲೆಯಿಲ್ಲ.

ಕಾಗದ ಹೇಳದ ಸಂಗತಿಗಳು

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಹುದು, ಅದು ನೊಗಕ್ಕೆ ಹೇಗೆ ಬಗ್ಗುತ್ತದೆ ಎಂಬುದನ್ನು ಹೂಡಿಯೇ ತಿಳಿಯಬೇಕು. ಹಾಗೆಯೇ ವಂಶಾವಳಿಯು ಹುಟ್ಟನ್ನು ಹೇಳುತ್ತದೆ, ಆರೋಗ್ಯವನ್ನು ಹೇಳುವುದಿಲ್ಲ.

ನೋಂದಾಯಿತ ನಾಯಿಗಳಲ್ಲೇ ಮತ್ತೆ ಮತ್ತೆ ಸಂಬಂಧ ಬೆಳೆಸಿದರೆ ಮರೆಯಲ್ಲಿದ್ದ ದೋಷಗಳು ಮೇಲೆ ಬರುತ್ತವೆ. 2008ರಲ್ಲಿ ಬಿಬಿಸಿ ದೂರದರ್ಶನವು ಬಹುಮಾನ ಪಡೆದ ನಾಯಿಗಳ ಕಾಯಿಲೆಗಳನ್ನು ತೋರಿಸಿದಾಗ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯಾಯಿತು. ಮರುವರ್ಷ ಅಲ್ಲಿನ ಕೆನಲ್ ಕ್ಲಬ್ ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿ ಸಂಬಂಧದಿಂದ ಹುಟ್ಟಿದ ಮರಿಗಳ ನೋಂದಣಿಯನ್ನು ನಿಲ್ಲಿಸಿತು.

ಡಾಲ್ಮೇಶಿಯನ್ ಎಂಬ ಚುಕ್ಕೆ ನಾಯಿಯ ಕಥೆಯೂ ಪಾಠವಾಗಿದೆ. ಈ ತಳಿಯಲ್ಲಿ ಮೂತ್ರದೊಳಗೆ ಯೂರಿಕ್ ಆಮ್ಲ ಹೆಚ್ಚಾಗಿ ಕಲ್ಲು ಕಟ್ಟುವ ವಂಶದೋಷ ತಳಿಯುದ್ದಕ್ಕೂ ಹರಡಿತ್ತು. 1973ರಲ್ಲಿ ಡಾ. ರಾಬರ್ಟ್ ಶೈಬಲ್ ಎಂಬ ತಳಿ ವಿಜ್ಞಾನಿ ಒಂದು ಪಾಯಿಂಟರ್ ನಾಯಿಯೊಡನೆ ಒಮ್ಮೆ ಮಾತ್ರ ಸಂಕರ ಮಾಡಿ, ಮುಂದಿನ ಪೀಳಿಗೆಗಳನ್ನು ಡಾಲ್ಮೇಶಿಯನ್ನಿಗೇ ಕೂಡಿಸುತ್ತ ದೋಷವಿಲ್ಲದ ವಂಶವನ್ನು ಬೆಳೆಸಿದರು. ‘ಇವು ಶುದ್ಧವಲ್ಲ’ ಎಂಬ ವಿರೋಧದಿಂದ ಅಮೆರಿಕದ ವಂಶಾವಳಿ ಪುಸ್ತಕದ ಬಾಗಿಲು ಈ ವಂಶಕ್ಕೆ ತೆರೆಯಲು 2011 ಆಗಬೇಕಾಯಿತು. ಅವರು ಸಂಕರವನ್ನು ಮುಚ್ಚಿಡಲಿಲ್ಲ, ಬರೆದಿಟ್ಟು ಮಾಡಿದರು ಎಂಬುದನ್ನು ಗಮನಿಸಬೇಕು.

ಮುಧೋಳ ನಾಯಿ: ಹೆಸರಿನೊಡನೆ ಹೊಣೆ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ತಳಿಗೆ ಈಚಿನ ವರ್ಷಗಳಲ್ಲಿ ಮನ್ನಣೆ ಹೆಚ್ಚಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯು ತರಬೇತಿಗಾಗಿ ಮರಿಗಳನ್ನು ಮೀರತ್‌ಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿ ಭಾಷಣದಲ್ಲಿ ಇದನ್ನು ಹೆಸರಿಸಿದರು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶೀ ತಳಿಗಳಾಗಿ ಮೊದಲು ದಾಖಲಿಸಿದ ಮೂರು ನಾಯಿಗಳಲ್ಲಿ ರಾಜಪಾಳಯಂ, ಚಿಪ್ಪಿಪಾರೈಗಳೊಡನೆ ಮುಧೋಳವೂ ಒಂದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಮುಧೋಳದ ಬಳಿ ತಿಮ್ಮಾಪುರದಲ್ಲಿದೆ.

ಒಂದು ಎಚ್ಚರಿಕೆ. ಇದೇ ನಾಯಿಯನ್ನು ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾ ‘ಕ್ಯಾರವಾನ್ ಹೌಂಡ್’ ಎಂದೂ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎಂದೂ ಕರೆಯುತ್ತವೆ. ಅರ್ಜಿ ತುಂಬುವಾಗ ಪ್ರದರ್ಶನ ಯಾವ ಸಂಸ್ಥೆಯ ನಿಯಮದಂತೆ ನಡೆಯುತ್ತಿದೆ ಎಂದು ಕೇಳಿ ತಿಳಿಯಬೇಕು.

ಸುಳ್ಳು ಕಾಗದದ ಹಾನಿ

ಒಂದು ಲೆಕ್ಕ ಹಾಕೋಣ. ಗ್ರೇಹೌಂಡ್ ಸಂಕರದ ಒಂದು ಗಂಡುನಾಯಿ ಬೇರೆ ನಾಯಿಯ ಕಾಗದದ ಮೇಲೆ ಮುಧೋಳವೆಂದು ಬಹುಮಾನ ಗೆದ್ದಿತು ಎಂದಿಟ್ಟುಕೊಳ್ಳಿ. ಬಹುಮಾನ ಕಂಡು ವರ್ಷದಲ್ಲಿ ಹತ್ತು ಹೆಣ್ಣುನಾಯಿಗಳನ್ನು ಅದಕ್ಕೆ ಕೂಡಿಸಿದರೆ, ಒಂದು ಸೂಲಿಗೆ ಐದು ಮರಿಯಂತೆ 50 ಮರಿಗಳಾದವು. ಅವುಗಳಲ್ಲಿ ಅರ್ಧ ಹೆಣ್ಣೆಂದರೂ ಮುಂದಿನ ಪೀಳಿಗೆಗೆ 125 ಮರಿಗಳು. ಒಬ್ಬನ ಒಂದು ಸಹಿಯಿಂದ ಸುತ್ತಲಿನ ಹಳ್ಳಿಗಳ ತಳಿಯೇ ಕಲಸಿಹೋಗುತ್ತದೆ. ಜಾತಿ ಮರಿ ಎಂದು ನಂಬಿ ಕುರಿ ಮಾರಿದ ಹಣ ಕೊಟ್ಟವನು ಮೋಸ ಹೋಗುತ್ತಾನೆ. ನಾಳೆ ನಿಜವಾದ ಮುಧೋಳ ಮರಿ ಸಾಕಿದ ಕುರಿಗಾಹಿಯ ಮಾತನ್ನೂ ಯಾರೂ ನಂಬುವುದಿಲ್ಲ.

ಕೆಳಗಿನವು ಸ್ಪಷ್ಟವಾಗಿ ಅನ್ಯಾಯಗಳು:

1. ಸತ್ತ ನಾಯಿಯ ಅಥವಾ ಬೇರೆ ನಾಯಿಯ ಕಾಗದ ಬಳಸುವುದು.
2. ಸಂಕರವೆಂದು ತಿಳಿದೂ ಶುದ್ಧ ತಳಿ ಎಂದು ಬರೆಯುವುದು.
3. ಬಣ್ಣ ಹಚ್ಚಿ, ಗಾಯದ ಗುರುತು ಮರೆಮಾಡಿ, ವಯಸ್ಸು ತಿರುಚಿ ತೋರಿಸುವುದು.
4. ತಾನು ಸಾಕಿದ ಅಥವಾ ಮಾರಿದ ನಾಯಿಗೆ ತಾನೇ ತೀರ್ಪು ಕೊಡುವುದು.

ಇದರ ಇನ್ನೊಂದು ಮಗ್ಗುಲೂ ಇದೆ. ಕಾಗದವಿಲ್ಲವೆಂದು ಹಳ್ಳಿಯ ಉತ್ತಮ ನಾಯಿಗಳನ್ನೆಲ್ಲ ಹೊರಗಿಟ್ಟರೆ ತಳಿಗೇ ನಷ್ಟ. ದೊಡ್ಡಿಯಲ್ಲಿ ದುಡಿದು, ಬಿಸಿಲು ತಾಳಿ, ಜೋಳದ ನುಚ್ಚು ತಿಂದು ಬೆಳೆದ ನಾಯಿಗಳಲ್ಲಿಯೇ ಈ ತಳಿ ಉಳಿದು ಬಂದಿದೆ. ಪುಸ್ತಕ ಸೇರಿದ ಕೆಲವೇ ನಾಯಿಗಳಿಂದ ಮುಂದುವರಿದರೆ ರಕ್ತಸಂಬಂಧ ಬಿಗಿಯಾಗುತ್ತದೆ. ಆದ್ದರಿಂದ ನೋಂದಣಿಯಿಲ್ಲದ ನಾಯಿಗೆ ಬಾಗಿಲು ಬೇಕು, ಆದರೆ ಅದು ಮುಂಬಾಗಿಲಾಗಿರಬೇಕು.

ಸರಿಯಾದ ದಾರಿ

1. ಪ್ರದರ್ಶನದ ನಿಯಮಗಳನ್ನು ಮೊದಲೇ ಕೇಳಿ ತಿಳಿಯಿರಿ. ನೋಂದಾಯಿತ ನಾಯಿಗಳಿಗೆ ಮಾತ್ರ ಎಂದಿದ್ದರೆ ವಾದಿಸದೆ ಮುಕ್ತ ವರ್ಗ ಅಥವಾ ಜವಾರಿ ವರ್ಗ ಇದೆಯೇ ಎಂದು ವಿಚಾರಿಸಿ.
2. ತಂದೆ-ತಾಯಿ ಗೊತ್ತಿಲ್ಲದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯಿರಿ. ಅದರಲ್ಲಿ ಅವಮಾನವಿಲ್ಲ.
3. ವಂಶ ತಿಳಿಯದಿದ್ದರೂ ತಳಿಯ ಲಕ್ಷಣವುಳ್ಳ ನಾಯಿಯನ್ನು ತೀರ್ಪುಗಾರರ ಪರೀಕ್ಷೆಯ ಮೇಲೆ ನೋಂದಾಯಿಸುವ ಪದ್ಧತಿ ಕೆನಲ್ ಕ್ಲಬ್‌ನಲ್ಲಿದೆ. ಸದ್ಯದ ನಿಯಮ ಮತ್ತು ಶುಲ್ಕವನ್ನು ಸಂಸ್ಥೆಯಿಂದಲೇ ತಿಳಿಯಿರಿ.
4. ಮೈಕ್ರೋಚಿಪ್ ಹಾಕಿಸಿ. ಅಕ್ಕಿಕಾಳಿನಷ್ಟಿರುವ ಇದನ್ನು ಭುಜಗಳ ನಡುವೆ ಚರ್ಮದಡಿ ಸೇರಿಸುತ್ತಾರೆ. ಇದರ 15 ಅಂಕಿಗಳ ಸಂಖ್ಯೆಯಿಂದ ನಾಯಿ ಬದಲಾಯಿಸುವ ಮೋಸ ತಪ್ಪುತ್ತದೆ.
5. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆ ಮೇಲೆ ಪಶುವೈದ್ಯರು ಹೇಳಿದಂತೆ ಮುಂದುವರಿಸಿ. ಲಸಿಕೆ ಇಲ್ಲದ ನಾಯಿಯನ್ನು ಜನ ಸೇರುವಲ್ಲಿಗೆ ತರಕೂಡದು.
6. ಓಟ ಪರೀಕ್ಷಿಸಲು ಮೊಲ, ಕೃಷ್ಣಮೃಗಗಳ ಮೇಲೆ ನಾಯಿ ಬಿಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ.

ಮನೆಯಲ್ಲೇ ದಾಖಲೆ

ಹಳೆಯ ವಂಶ ಗೊತ್ತಿಲ್ಲವೆಂದು ಕೊರಗದೆ ಇಂದಿನಿಂದ ಬರೆಯಲು ತೊಡಗಿರಿ. ಒಂದು ನೂರು ಪುಟದ ನೋಟುಪುಸ್ತಕ ಸಾಕು. ಕೂಡಿಸಿದ ದಿನ, ಗಂಡುನಾಯಿಯ ಗುರುತು ಮತ್ತು ಅದರ ಒಡೆಯನ ಸಹಿ, ಮರಿ ಹಾಕಿದ ದಿನ (ಗರ್ಭಕಾಲ ಸುಮಾರು 63 ದಿನ), ಗಂಡು-ಹೆಣ್ಣು ಮರಿಗಳ ಸಂಖ್ಯೆ ಮತ್ತು ಬಣ್ಣ, ಸತ್ತ ಮರಿಗಳು, ಕಂಡ ದೋಷಗಳು, ಯಾವ ಮರಿ ಯಾರಿಗೆ ಹೋಯಿತು ಎಂಬುದನ್ನು ಬರೆದಿಡಿ. ದೋಷವನ್ನು ಬರೆಯದ ದಾಖಲೆ ಅರ್ಧ ದಾಖಲೆ.

ಈ ಪುಸ್ತಕ ಇದ್ದರೆ ರಕ್ತಸಂಬಂಧವನ್ನೂ ತಪ್ಪಿಸಬಹುದು. ತಂದೆ-ಮಗಳು ಅಥವಾ ಒಡಹುಟ್ಟಿದವು ಕೂಡಿದರೆ ಮರಿಯ ಒಳಸಂಬಂಧದ ಪ್ರಮಾಣ ಶೇ. 25, ತಂದೆ ಒಂದೇ ಆಗಿ ತಾಯಿ ಬೇರೆಯಾದವು ಕೂಡಿದರೆ ಶೇ. 12.5. ಕುರಿ ಹಿಂಡಿನ ಟಗರನ್ನು ಕಾಲಕಾಲಕ್ಕೆ ಬದಲಾಯಿಸುವ ಕುರಿಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮರಿ ಮಾರಾಟಕ್ಕೆಂದು ನಾಯಿ ಬೆಳೆಸುವವರಿಗೆ 2017ರ ಕೇಂದ್ರ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮುನ್ನ ಕೂಡಿಸಬಾರದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು.

ಪ್ರದರ್ಶನ ಏರ್ಪಡಿಸುವವರಿಗೆ

ವಿಸ್ತರಣಾ ಕಾರ್ಯಕರ್ತರು ಮತ್ತು ಮೇಳದ ಸಮಿತಿಯವರು ಮೂರು ಕ್ರಮ ಕೈಗೊಂಡರೆ ಹೆಚ್ಚಿನ ಜಗಳ ತಪ್ಪುತ್ತದೆ. ನೋಂದಾಯಿತ, ನೋಂದಣಿಯಿಲ್ಲದ, ಜವಾರಿ ಎಂದು ವರ್ಗಗಳನ್ನು ಬೇರೆ ಮಾಡಿ ಕನ್ನಡದಲ್ಲಿ ಮುದ್ರಿಸಬೇಕು. ತೀರ್ಪುಗಾರರಿಗೂ ಸ್ಪರ್ಧೆಯ ನಾಯಿಗಳಿಗೂ ಸಂಬಂಧವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ರಶಸ್ತಿ ಪತ್ರದ ಮೇಲೆ ವರ್ಗವನ್ನು ತಪ್ಪದೆ ನಮೂದಿಸಬೇಕು. ಇಲ್ಲವಾದರೆ ಮುಕ್ತ ವರ್ಗದ ಬಹುಮಾನ ಮರುದಿನವೇ ‘ಶುದ್ಧ ತಳಿಯ ಪ್ರಮಾಣ’ವಾಗಿ ಮರಿ ಮಾರಾಟಕ್ಕೆ ಬಳಕೆಯಾಗುತ್ತದೆ.

ಬಹುಮಾನದ ಬಟ್ಟಲು ಕಪಾಟಿನಲ್ಲಿ ಉಳಿಯುತ್ತದೆ, ಆದರೆ ಗೆದ್ದ ನಾಯಿಯ ರಕ್ತ ಊರಲ್ಲೆಲ್ಲ ಹರಡುತ್ತದೆ. ಆದ್ದರಿಂದ ಅರ್ಜಿಯ ಕಲಮಿನಲ್ಲಿ ಬರೆಯುವ ಮಾತು ನಿಜವಾಗಿರಬೇಕು.

ಮನನಕ್ಕೆ ಪ್ರಶ್ನೆಗಳು

1. ತಳಿ ಪ್ರದರ್ಶನಕ್ಕೂ ಕೆಲಸದ ಸ್ಪರ್ಧೆಗೂ ಇರುವ ವ್ಯತ್ಯಾಸವೇನು?
2. ವಂಶಾವಳಿ ಕಾಗದ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ?
3. ನಿಮ್ಮ ನಾಯಿಯ ಹಿಂದಿನ ಸೂಲಿನ ಮರಿಗಳು ಈಗ ಯಾರ ಬಳಿ ಇವೆ? ಬರೆದಿಟ್ಟಿದ್ದೀರಾ?