ಬೆಂಕಿಯಿಲ್ಲದೆ ಸುಡುವ ಸಿಮೆಂಟು

ಕಳೆದ ಬೇಸಿಗೆಯಲ್ಲಿ ಸೇಡಂ ಕಡೆಯ ಹುಡುಗನೊಬ್ಬ ಎರಡೂ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ತಾಯಿಯ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ನನ್ನ ದವಾಖಾನೆಗೆ ಬಂದ. ಬಟ್ಟೆ ಬಿಚ್ಚಿ ನೋಡಿದರೆ ಚರ್ಮ ಕಪ್ಪುಗಟ್ಟಿತ್ತು. ಹಿಂದಿನ ದಿನ ಕಾಂಕ್ರೀಟ್ ನೆಲ ಹಾಕುವಾಗ ಹಸಿ ಸಿಮೆಂಟಿನಲ್ಲಿ ಮೊಣಕಾಲೂರಿ ಮೂರು ತಾಸು ಕೆಲಸ ಮಾಡಿದ್ದನಂತೆ. ಪ್ಯಾಂಟು ತೊಯ್ದದ್ದು ಗೊತ್ತಾಗಿತ್ತು, ಆದರೆ ಆಗ ಅಷ್ಟೇನೂ ನೋವಿರಲಿಲ್ಲ. ಉರಿ ಶುರುವಾದದ್ದು ರಾತ್ರಿ. "ಬೆಂಕಿ ಇಲ್ಲ, ಆಸಿಡ್ ಇಲ್ಲ, ಬರೇ ಸಿಮೆಂಟು ಹ್ಯಾಂಗ ಸುಡ್ತದ್ರಿ ಡಾಕ್ಟರ್ ಸಾಬ್?" ಎಂದು ಆ ತಾಯಿ ಕೇಳಿದಳು. ಈ ಪ್ರಶ್ನೆಗೆ ಉತ್ತರವನ್ನು ಅವನನ್ನು ಕೆಲಸಕ್ಕೆ ಹಚ್ಚಿದ ಮುಕಾದಮ ಮೊದಲ ದಿನವೇ ಹೇಳಬೇಕಾಗಿತ್ತು.

ಅಪಾಯಕಾರಿ ವಸ್ತು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿಯ ಆ ವಿಷಾನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಪ್ರಕ್ರಿಯೆಗಳ ಒಂದು ಪಟ್ಟಿಯನ್ನು ಸೇರಿಸಿದರು. ಆ ಪಟ್ಟಿಯಲ್ಲಿ ಕೀಟನಾಶಕ, ರಸಗೊಬ್ಬರ, ಪೆಟ್ರೋಲಿಯಂ ಇವುಗಳ ಜೊತೆಗೆ ಸಿಮೆಂಟ್ ಉದ್ದಿಮೆಯೂ ಇತ್ತು ಎಂದರೆ ನಮ್ಮ ಭಾಗದ ಎಷ್ಟೋ ಮಂದಿಗೆ ಆಶ್ಚರ್ಯವಾಗುತ್ತದೆ. ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಸೇಡಂ, ಮಳಖೇಡ, ಚಿತ್ತಾಪುರ ಸುತ್ತಿನ ಎಷ್ಟೋ ಮನೆಗಳ ಪಗಾರ ಬರುವುದು ಸುಣ್ಣದ ಕಲ್ಲಿನಿಂದಲೇ. ದಿನವೂ ಕಾಣುವ ವಸ್ತುವಿನ ಬಗ್ಗೆ ಭಯ ಹೋಗಿಬಿಡುತ್ತದೆ, ಭಯ ಹೋದಲ್ಲಿ ಎಚ್ಚರವೂ ಹೋಗುತ್ತದೆ.

ಸಿಮೆಂಟು ಹೇಗೆ ಸುಡುತ್ತದೆ? ಒಣ ಸಿಮೆಂಟಿಗೆ ನೀರು ಬಿದ್ದ ಕೂಡಲೇ ಅದರಿಂದ ಸುಣ್ಣದ ಕ್ಷಾರ ಹೊರಬರುತ್ತದೆ. ಕ್ಷಾರದ ಅಳತೆಯಾದ ಪಿ.ಎಚ್. ಅದರಲ್ಲಿ 12 ದಾಟುತ್ತದೆ. ನಮ್ಮ ಚರ್ಮದ ಪಿ.ಎಚ್. ಸುಮಾರು 5.5. ಆಸಿಡ್ ಬಿದ್ದರೆ ತಕ್ಷಣ ಉರಿಯುವುದರಿಂದ ಮನುಷ್ಯ ಹೌಹಾರಿ ನೀರಿಗೆ ಓಡುತ್ತಾನೆ. ಕ್ಷಾರ ಹಾಗಲ್ಲ. ಅದು ಚರ್ಮದ ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ನೋವು ತಿಳಿಯುವ ಹೊತ್ತಿಗೆ ಗಾಯ ಆಳವಾಗಿರುತ್ತದೆ. ಬೂಟಿನೊಳಗೆ ಹಸಿ ಸಿಮೆಂಟು ಹೋದರೆ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಅಲ್ಲೇ ಕುಳಿತಿರುತ್ತದೆ. ಇದಲ್ಲದೆ ಸಿಮೆಂಟಿನಲ್ಲಿ ಅಲ್ಪ ಪ್ರಮಾಣದ ಕ್ರೋಮಿಯಂ ಇರುವುದುಂಟು. ಕೆಲವು ಗೌಂಡಿಗಳ ಕೈಯಲ್ಲಿ ವರ್ಷಗಟ್ಟಲೆ ಬಿಡದೆ ಕಾಡುವ ಇಸುಬಿಗೆ ಅದೇ ಕಾರಣ. ಒಮ್ಮೆ ಆ ಅಲರ್ಜಿ ಹತ್ತಿತೆಂದರೆ ಮುಲಾಮಿನಿಂದ ತಗ್ಗಿದರೂ, ಸಿಮೆಂಟು ಮುಟ್ಟಿದಾಗಲೆಲ್ಲ ಮರಳುತ್ತದೆ.

ಹಾಗಾದರೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಒಣ ಪುಡಿ ಬಿದ್ದಿದ್ದರೆ ಮೊದಲು ಅದನ್ನು ಝಾಡಿಸಿ ತೆಗೆಯಿರಿ, ತೊಯ್ದ ಬಟ್ಟೆ, ಬೂಟು, ಕಾಲುಚೀಲ ಬಿಚ್ಚಿಹಾಕಿ. ಆಮೇಲೆ ಹರಿಯುವ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಿರಿ. ಗಡಿಯಾರ ನೋಡಿ ಇಪ್ಪತ್ತು ನಿಮಿಷ, ಒಂದು ಚೆಂಬು ನೀರು ಸುರಿದು ಮುಗಿಸುವಂತಿಲ್ಲ. ಕಣ್ಣಿಗೆ ಸುಣ್ಣ ಅಥವಾ ಸಿಮೆಂಟು ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಅಷ್ಟೇ ಹೊತ್ತು ನೀರು ಹಾಯಿಸಿ, ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಬಳಿಗೆ ಒಯ್ಯಿರಿ. ಎದೆಹಾಲು, ತುಪ್ಪ, ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ. ಕ್ಷಾರಕ್ಕೆ ಹುಳಿ ಮದ್ದೆಂದು ನಿಂಬೆರಸ ಹಿಂಡುವವರೂ ಇದ್ದಾರೆ, ಅದು ಗಾಯದ ಮೇಲೆ ಇನ್ನೊಂದು ಗಾಯ. ನೀರು ದೂರವಿದ್ದ ಕೆಲಸದ ಜಾಗದಲ್ಲಿ ಒಂದು ಡ್ರಮ್ ಶುದ್ಧ ನೀರು ತುಂಬಿಡುವುದಕ್ಕೆ ಎಷ್ಟು ಖರ್ಚಾದೀತು?

ಇನ್ನು ಧೂಳು. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಶ್ವಾಸಕೋಶದ ಗೂಡುಗಳವರೆಗೆ ಇಳಿಯುವುದು ಐದು ಮೈಕ್ರಾನಿಗಿಂತ ಸಣ್ಣ ಕಣ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಆ ಕಣದಲ್ಲಿ ಸಿಲಿಕಾ ಇದ್ದರೆ ಗೂಡುಗಳು ಗಂಟುಕಟ್ಟಿ ಸಿಲಿಕೋಸಿಸ್ ಬರುತ್ತದೆ. ಇದಕ್ಕೆ ಗುಣಪಡಿಸುವ ಔಷಧವಿಲ್ಲ, ಕ್ಷಯರೋಗವನ್ನೂ ಕರೆತರುತ್ತದೆ. ಶಹಾಬಾದಿನ ಪರಸಿ ಕಲ್ಲು ಸುಣ್ಣದ ಜಾತಿಯದು, ಸಿಲಿಕಾದ ಪಾಲು ಪದರದಿಂದ ಪದರಕ್ಕೆ ಬೇರೆ. ನೀರು ಬಿಡುತ್ತ ಕೊಯ್ದರೆ ಧೂಳು ಅಡಗುತ್ತದೆ, ಒಣಗಲ್ಲನ್ನು ಮಶೀನಿನಲ್ಲಿ ಕೊಯ್ದರೆ ಸುತ್ತಲಿನ ಎಲ್ಲರ ಎದೆಗೂ ಹೋಗುತ್ತದೆ. ಮೂಗಿಗೆ ದಸ್ತಿ ಕಟ್ಟಿಕೊಂಡರೆ ಸಮಾಧಾನ ಸಿಗಬಹುದು, ರಕ್ಷಣೆ ಸಿಗದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಬಗೆಯ ಮಾಸ್ಕ್ ಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ದಿನವಿಡೀ ದುಡಿಯುವುದು ಕಷ್ಟ ಎಂಬುದನ್ನು ನಾನೂ ಬಲ್ಲೆ. ಅದಕ್ಕೇ ಮೊದಲು ಧೂಳನ್ನು ಅಡಗಿಸಬೇಕು, ಮಾಸ್ಕ್ ಆಮೇಲಿನದು. ಮನೆಯವರೂ ಒಂದು ಮಾತು ನೆನಪಿಡಿ: ಕೆಲಸದ ಬಟ್ಟೆಯನ್ನು ಒಳಗೆ ತಂದು ಝಾಡಿಸಬೇಡಿ. ಹೊರಗೇ ನೀರಿನಲ್ಲಿ ನೆನೆಯಿಟ್ಟು, ಮಕ್ಕಳ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ.

ಇಷ್ಟೆಲ್ಲವನ್ನು ಕೆಲಸಗಾರನಿಗೆ ಕಲಿಸುವವರು ಯಾರು? ಕಾನೂನು ಕೆಲವು ಕೆಲಸಗಳಿಗೆ ಕಲಿತವರೇ ಬೇಕೆಂದು ಹೇಳಿದೆ. ಗಣಿಯಲ್ಲಿ ಮದ್ದು ಸಿಡಿಸುವವನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸಾಗಿ ಬ್ಲಾಸ್ಟರ್ ಸರ್ಟಿಫಿಕೇಟ್ ಪಡೆದವನಾಗಿರಬೇಕು. ಅದು ಬರೀ ಕಾಗದವಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಕಲ್ಲು ಗಣಿಗೆ ತಂದ ಜಿಲೆಟಿನ್ ಸಿಡಿದು ಜನ ಸತ್ತರು. ಟ್ಯಾಂಕರ್ ಓಡಿಸುವವನಿಗೂ ಸಾಮಾನ್ಯ ಲೈಸೆನ್ಸ್ ಸಾಲದು. ಅಪಾಯಕಾರಿ ಸರಕು ಸಾಗಿಸುವ ಬಗ್ಗೆ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ಬರೆಸಿಕೊಳ್ಳಬೇಕು, ನವೀಕರಿಸುವಾಗ ಮತ್ತೆ ಒಂದು ದಿನ ಪಾಠಕ್ಕೆ ಕೂಡಬೇಕು. ಕಾರ್ಖಾನೆಯ ಡಾಕ್ಟರಿಗೂ ಪಾಠವುಂಟು: ಎಂ.ಬಿ.ಬಿ.ಎಸ್. ಮೇಲೆ ಎ.ಎಫ್.ಐ.ಎಚ್. ಎಂಬ ಮೂರು ತಿಂಗಳ ಔದ್ಯೋಗಿಕ ಆರೋಗ್ಯದ ತರಬೇತಿ.

ಸುರಕ್ಷತಾ ಅಧಿಕಾರಿಯ ಹುದ್ದೆಗೆ ಔದ್ಯೋಗಿಕ ಸುರಕ್ಷತೆಯಲ್ಲಿ ಮಾನ್ಯತೆ ಪಡೆದ ಡಿಪ್ಲೊಮಾ ಬೇಕು. ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಇಂಥ ಒಂದು ವರ್ಷದ ಕೋರ್ಸು ನಡೆಯುತ್ತದೆ. ನಮ್ಮ ಭಾಗದ ಡಿಪ್ಲೊಮಾ, ಇಂಜಿನಿಯರಿಂಗ್ ಓದಿದ ಹುಡುಗರಿಗೆ ಇದು ಒಳ್ಳೆಯ ದಾರಿ. ಆದರೆ ಹದಿನೈದು ದಿನದಲ್ಲಿ ಸೇಫ್ಟಿ ಆಫೀಸರ್ ಮಾಡಿ ಗಲ್ಫಿಗೆ ಕಳಿಸುತ್ತೇವೆ ಎನ್ನುವ ಜಾಹೀರಾತು ನೋಡಿ ಹೊಲ ಒತ್ತೆಯಿಟ್ಟು ದುಡ್ಡು ಕಟ್ಟಬೇಡಿ. ಈ ಸರ್ಟಿಫಿಕೇಟಿಗೆ ಸರಕಾರದ ಮಾನ್ಯತೆ ಇದೆಯೇ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಹೀಗೆ ಮೇಲಿನವರಿಗೆಲ್ಲ ಪರೀಕ್ಷೆ, ಪ್ರಮಾಣಪತ್ರ ಇವೆ. ಆದರೆ ವಸ್ತುವನ್ನು ಕೈಯಾರೆ ಮುಟ್ಟುವವನು ಹೆಚ್ಚಾಗಿ ಗುತ್ತೇದಾರನ ಕೈಕೆಳಗಿನ ಕೂಲಿ. ಅವನಿಗೆ ಅರ್ಧ ತಾಸು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಭಾಷಣ ಮಾಡಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿದರೆ ಅದನ್ನು ತರಬೇತಿ ಎನ್ನಲಾರೆ. ಸಿಮೆಂಟ್ ಕಾರ್ಖಾನೆಯ ಗೋಪುರದಲ್ಲಿ ಬಿಸಿ ಪುಡಿ ಕಟ್ಟಿಕೊಂಡಾಗ ಅದನ್ನು ಬಿಡಿಸುವ ಕೆಲಸವಿದೆ. ಅಲ್ಲಿನ ಪುಡಿಯ ಶಾಖ 800 ಡಿಗ್ರಿ ಮುಟ್ಟುತ್ತದೆ, ಹಠಾತ್ತನೆ ನೀರಿನಂತೆ ಮೈಮೇಲೆ ಹರಿಯುತ್ತದೆ. ಎಲ್ಲಿ ನಿಲ್ಲಬೇಕು, ಯಾವ ಬಟ್ಟೆ ತೊಡಬೇಕು, ಯಾರ ಲಿಖಿತ ಅನುಮತಿ ಬೇಕು ಎಂದು ಕೈಹಿಡಿದು ತೋರಿಸದೆ ಯಾರನ್ನೂ ಅಲ್ಲಿಗೆ ಹತ್ತಿಸಬಾರದು. ಬೇರೆ ಉದ್ದಿಮೆಗಳ ರಾಸಾಯನಿಕ ತ್ಯಾಜ್ಯವನ್ನು ಸಿಮೆಂಟ್ ಕಿಲ್ನ್‌ಗಳಲ್ಲಿ ಉರಿಸಲು 2016ರ ನಿಯಮಗಳು ಅವಕಾಶ ಕೊಟ್ಟಿರುವುದರಿಂದ, ಹೆಸರೂ ಕೇಳದ ವಸ್ತುಗಳು ಡ್ರಮ್ಮುಗಳಲ್ಲಿ ಬರಬಹುದು. ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ. ಸಾಮಾನ್ಯವಾಗಿ ಅದರ ನಾಲ್ಕನೆಯ ಭಾಗ ಪ್ರಥಮ ಚಿಕಿತ್ಸೆ. ಅದೊಂದನ್ನಾದರೂ ಕನ್ನಡದಲ್ಲಿ ಬರೆಸಿ ಗೋಡೆಗೆ ಹಚ್ಚಲು ಕೇಳಿ.

ಚಿಂಚೋಳಿಯ ರೈತ ಓದುಗರು ಇದು ತಮಗಲ್ಲವೆಂದು ಪುಟ ತಿರುವಬೇಡಿ. ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬದ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೂ ವಿಷವೇ.

ಅಪಾಯಕಾರಿ ಪ್ರಕ್ರಿಯೆಯಲ್ಲಿ ದುಡಿಯುವವನಿಗೆ ಕೆಲಸಕ್ಕೆ ಸೇರುವ ಮೊದಲು, ಆಮೇಲೆ ವರ್ಷ ವರ್ಷವೂ ವೈದ್ಯಕೀಯ ತಪಾಸಣೆ ಆಗಬೇಕು, ಆ ದಾಖಲೆಯನ್ನು ನೋಡುವ ಹಕ್ಕು ಅವನಿಗಿರಬೇಕು ಎಂದು 1987ರ ತಿದ್ದುಪಡಿ ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಮಾಲೀಕನ ಮೇಲೆ ಈ ಬಗೆಯ ಹೊಣೆ ಹೊರಿಸಿದೆ. ದಾಖಲೆಯ ಪ್ರತಿ ಕೇಳಿ ಪಡೆದು ಎಕ್ಸ್-ರೇ ಜೊತೆ ಮನೆಯಲ್ಲಿಡಿ. ಮುಂದೆ ದಮ್ಮು ಹತ್ತಿದರೆ ಡಾಕ್ಟರಿಗೆ ಹಳೆಯದಕ್ಕೂ ಈಗಿನದಕ್ಕೂ ಹೋಲಿಸಿ ನೋಡಲು ಅದೇ ಬೇಕು. ಮೈಮೇಲೆ ಏನಾದರೂ ಬಿದ್ದು ದವಾಖಾನೆಗೆ ಓಡಿಬರುವಾಗ ಚೀಲದ ಇಲ್ಲವೇ ಡಬ್ಬದ ಚೀಟಿಯನ್ನು ಹರಿದು ತನ್ನಿ, ಅಥವಾ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಆ ಹುಡುಗನಿಗೆ ತೊಡೆಯ ಚರ್ಮ ತೆಗೆದು ಮೊಣಕಾಲಿಗೆ ಕಸಿ ಮಾಡಿಸಬೇಕಾಯಿತು. ಎರಡು ತಿಂಗಳು ಪಗಾರ ಹೋಯಿತು. ಈಗ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾನೆ, ಮೊಣಕಾಲವರೆಗಿನ ರಬ್ಬರ್ ಬೂಟು ಮತ್ತು ಮೊಣಕಾಲಿನ ಗಾದಿ ಹಾಕಿಕೊಂಡು. ಎರಡನ್ನೂ ತಾನೇ ಕೊಂಡದ್ದಂತೆ.