ಮಾತ್ರೆಯ ಜೊತೆಗೆ ಪಡಿತರ

ಆರೋಗ್ಯ ಸೇವೆ ಮತ್ತು ಸಮಾಜಸೇವೆ ಕೂಡಿ ನಡೆಯಬೇಕು ಎನ್ನುವುದು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಕೈಗೆ ಸಿಗದಷ್ಟು ದೊಡ್ಡ ಮಾತಾಗಿ ಕೇಳಿಸುತ್ತದೆ. ಹಾಗಾಗಿ ಒಂದೇ ಕಾಯಿಲೆಯನ್ನು ಹಿಡಿದು ನೋಡೋಣ: ಕ್ಷಯ.

ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಸಾಮಾನ್ಯ ಕ್ಷಯವಾದರೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ಆದರೆ ರೋಗಿ ಕೂಲಿಯವರಾಗಿದ್ದರೆ? ಸುಸ್ತಾಗಿ ಮಲಗಿದ ದಿನವೇ ಕೂಲಿ ನಿಂತಿತು. ಕೂಲಿ ನಿಂತ ಮನೆಯಲ್ಲಿ ಮೊದಲು ಮರೆಯಾಗುವುದು ಬೇಳೆ, ಮೊಟ್ಟೆ, ಹಾಲು. ಮೈಯೊಳಗೆ ಸುಮ್ಮನೆ ಅಡಗಿರುವ ಕ್ಷಯದ ರೋಗಾಣು ಊಟ ಸಾಲದ ಮೈಯಲ್ಲಿ ಸುಲಭವಾಗಿ ತಲೆಯೆತ್ತುತ್ತದೆ. ಕಾಯಿಲೆ ಬಂದ ಮೇಲೆ ಹಸಿವೆಯೂ ಹೋಗಿ ತೂಕ ಇನ್ನಷ್ಟು ಇಳಿಯುತ್ತದೆ.

ಊಟ ಕೊಟ್ಟರೆ ಏನಾಗುತ್ತದೆ? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಇದನ್ನು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. 2,800 ರೋಗಿಗಳಿಗೆ ಪ್ರತಿ ತಿಂಗಳೂ ಆಹಾರದ ಚೀಲ ಕೊಟ್ಟರು. ಅವರಲ್ಲಿ ಒಂದು ಗುಂಪಿನವರ ಮನೆಮಂದಿಗೂ, ದೊಡ್ಡವರಾದರೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಸಿಕ್ಕಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ಆಹಾರ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಅಕ್ಕಿ ಬೇಳೆ ಮಾಡಿದ ಕೆಲಸ ಇದು! ಈ ಅಂಕಿಗಳನ್ನು ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಸರ್ಕಾರವೂ ಈ ದಾರಿಯಲ್ಲಿದೆ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರ ಏಪ್ರಿಲ್‌ನಿಂದ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆದರೆ ಖಾತೆಯೇ ಇಲ್ಲದವರಿದ್ದಾರೆ. ಪಡಿತರ ಚೀಟಿ ಊರಲ್ಲಿ ಬಿಟ್ಟು ಕಟ್ಟಡದ ಕೆಲಸಕ್ಕೆಂದು ಪಟ್ಟಣಕ್ಕೆ ಬಂದವರಿದ್ದಾರೆ. ಇನ್ನು, ಒಂದೇ ಒಲೆಯ ಮನೆಯಲ್ಲಿ ಮೊಟ್ಟೆಯನ್ನು ಮಕ್ಕಳ ತಟ್ಟೆಗೆ ಹಾಕದೆ ತಾನೇ ತಿನ್ನುವ ತಾಯಿ ಎಲ್ಲಿದ್ದಾಳೆ? ಜಾರ್ಖಂಡ್‌ನಲ್ಲಿ ಇಡೀ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅದಕ್ಕೇ ನನಗೆ ಸರಿಯೆನಿಸುತ್ತದೆ.

ನಿಮ್ಮ ಕೆಲಸ ಶುರುವಾಗುವುದು ಇಲ್ಲಿಂದಲೇ. ವೈದ್ಯರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಏನಾಯಿತೆಂದು ಗೊತ್ತಾಗುವುದಿಲ್ಲ, ಅಂಗಡಿಯವರಿಗೆ ಚಿಕಿತ್ಸೆಯ ವಿಷಯ ತಿಳಿದಿರುವುದಿಲ್ಲ. ಮನೆಗೆ ಹೋಗಿ ಬರುವ ಆಶಾ ಕಾರ್ಯಕರ್ತೆಗೆ ಎರಡೂ ಗೊತ್ತು. ಮೊದಲು ಅವರ ಜೊತೆ ನಡೆಯಿರಿ. ಮಾತ್ರೆ ತಗೊಂಡ್ರಾ ಎಂದು ಕೇಳುವ ಮುಂಚೆ ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ ಎಂದು ಕೇಳಿ. ಹಣ ಖಾತೆಗೆ ಬಂತೇ ನೋಡಿ. ಬಂದಿಲ್ಲವಾದರೆ ಬ್ಯಾಂಕಿಗೆ ಜೊತೆಯಲ್ಲೇ ಹೋಗಿ. ಕ್ಷಯ ಇದೆಯೆಂಬುದನ್ನು ಅಕ್ಕಪಕ್ಕದವರೆದುರು ಎತ್ತಬೇಡಿ. ಪ್ರತಿ ತಿಂಗಳೂ ತೂಕ ನೋಡಿ, ಏರದಿದ್ದರೆ ಅದೇ ವಾರ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ.