ಮರುನಿರ್ದೇಶನದಲ್ಲಿ ಪ್ರಶ್ನಾಂಶಗಳ ರಕ್ಷಣೆ

ಅಂತರಜಾಲದಲ್ಲಿ ವಿಳಾಸವೆಂಬುದು ಕೇವಲ ಸ್ಥಳಸೂಚಕವಲ್ಲ. ಕೇಳುವವನ ಪ್ರಶ್ನೆಯೂ ಅದರಲ್ಲಿ ಅಡಕವಾಗಿರುತ್ತದೆ. ಪ್ರಶ್ನೆಯ ಈ ಭಾಗಗಳಿಗೆ ಕ್ವೆರಿ ಪ್ಯಾರಾಮೀಟರ್ ಅಥವಾ ಪ್ರಶ್ನಾಂಶಗಳೆಂದು ಹೆಸರು. ಓದುಗನನ್ನು ಒಂದು ಪುಟದಿಂದ ಇನ್ನೊಂದಕ್ಕೆ ಕಳುಹಿಸುವ ಕ್ರಮವೇ ಮರುನಿರ್ದೇಶನ. ಆಗ ಒಂದು ಅಂಶವೂ ಲೋಪವಾಗದಂತೆ ನೋಡಿಕೊಳ್ಳುವುದು ಜಾಲತಾಣ ರಚಿಸುವವನ ಕರ್ತವ್ಯ.

ಈ ಪಾಠಕ್ಕೆ ದೂರದ ಉದಾಹರಣೆ ಬೇಕಿಲ್ಲ. ಸ್ವರ್ಣವಲ್ಲಿಯ ಸುತ್ತಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಅಡಿಕೆ ತೋಟಗಳ ಸೀಮೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಣಗಿಸಿ ಸುಲಿದರೆ ಚಾಲಿ. ಹಸಿಯಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಇವೆರಡರ ಧಾರಣೆ ಬೇರೆ ಬೇರೆ. ಪೇಟೆಯಿಂದ ಪೇಟೆಗೂ ವ್ಯತ್ಯಾಸವುಂಟು. ಆದುದರಿಂದ ಧಾರಣೆ ಕೇಳುವ ಕೃಷಿಕನ ಪ್ರಶ್ನೆಯಲ್ಲಿ ಎರಡು ಅಂಶಗಳಾದರೂ ಇರಲೇಬೇಕು. ಪಾಠಕ್ಕಾಗಿ ಒಂದು ತಾಣವನ್ನು ಕಲ್ಪಿಸಿಕೊಂಡರೆ ಅದರ ವಿಳಾಸ ಹೀಗಿರಬಹುದು:

/ಧಾರಣೆ?ಪೇಟೆ=ಶಿರಸಿ&ವಿಧ=ಚಾಲಿ

ಇಲ್ಲಿ ? ಚಿಹ್ನೆಯಿಂದ ಪ್ರಶ್ನೆ ಆರಂಭವಾಗುತ್ತದೆ; = ಚಿಹ್ನೆ ಹೆಸರನ್ನು ಮೌಲ್ಯಕ್ಕೆ ಜೋಡಿಸುತ್ತದೆ; & ಒಂದು ಅಂಶವನ್ನು ಮತ್ತೊಂದರಿಂದ ಬೇರ್ಪಡಿಸುತ್ತದೆ.

ಈ ಪುಟ ನೋಡಲು ಪಾಸ್‌ವರ್ಡ್ ಬೇಕೆಂದಿರಲಿ. ತಾಣವು ಕೃಷಿಕನನ್ನು ಮೊದಲು ಪ್ರವೇಶಪುಟಕ್ಕೆ ಕಳುಹಿಸಿ, ಅನಂತರ ಹೋಗಬೇಕಾದ ವಿಳಾಸವನ್ನೂ ಜೊತೆಗೆ ಕೊಡುತ್ತದೆ:

/ಪ್ರವೇಶ?ಮುಂದೆ=/ಧಾರಣೆ?ಪೇಟೆ=ಶಿರಸಿ&ವಿಧ=ಚಾಲಿ

ನೋಟಕ್ಕೆ ಇದು ಸರಿಯೇ. ಆದರೆ ಯಂತ್ರವು & ಕಂಡಲ್ಲಿ ತುಂಡರಿಸುತ್ತದೆ. ‘ಮುಂದೆ’ ಎಂಬುದರ ಮೌಲ್ಯ ಶಿರಸಿಗೇ ಮುಗಿದು, ‘ವಿಧ’ವು ಪ್ರವೇಶಪುಟದ ಪಾಲಾಗುತ್ತದೆ. ಕೃಷಿಕನು ಧಾರಣೆಯ ಪುಟಕ್ಕೆ ಬರುವಾಗ ಪೇಟೆಯುಂಟು, ವಿಧವಿಲ್ಲ. ವಿಧ ಕಾಣದ ತಾಣವು ತನ್ನಷ್ಟಕ್ಕೆ ರಾಶಿಯ ಧಾರಣೆ ತೋರಿಸಿದರೆ, ಚಾಲಿಯ ಚೀಲ ಕಟ್ಟಿಟ್ಟವನು ತಪ್ಪು ಲೆಕ್ಕದ ಮೇಲೆ ಮಾರಾಟ ನಿಶ್ಚಯಿಸುತ್ತಾನೆ. ಯಾವ ದೋಷಸೂಚನೆಯೂ ಬಾರದಿರುವುದೇ ಇಲ್ಲಿನ ಅಪಾಯ.

ಪರಿಹಾರ ಸುಲಭ. ಒಳಗಿನ ಪತ್ರವನ್ನು ಲಕೋಟೆಯಲ್ಲಿ ಮುಚ್ಚುವಂತೆ, ಒಳಗಿನ ವಿಳಾಸವನ್ನು ಸಂಕೇತರೂಪಕ್ಕೆ ಪರಿವರ್ತಿಸಬೇಕು. & ಚಿಹ್ನೆಯ ಸಂಕೇತ %26:

/ಪ್ರವೇಶ?ಮುಂದೆ=/ಧಾರಣೆ?ಪೇಟೆ=ಶಿರಸಿ%26ವಿಧ=ಚಾಲಿ

ತಿಳಿಯಲೆಂದು ಇಲ್ಲಿ ಒಂದೇ ಚಿಹ್ನೆಯನ್ನು ಬದಲಿಸಿದೆ. ವಾಸ್ತವದಲ್ಲಿ ಕನ್ನಡ ಅಕ್ಷರಗಳೂ ಸಂಕೇತಗಳಾಗುತ್ತವೆ. ‘ಶಿರಸಿ’ ಎಂಬ ಪುಟ್ಟ ಪದವೇ ಯುಟಿಎಫ್-8 ಪದ್ಧತಿಯಲ್ಲಿ 15 ಬೈಟ್ ಆಗುತ್ತದೆ. ಆದುದರಿಂದ ಕೈಬರಹದಿಂದ ಜೋಡಿಸದೆ, ಪ್ರೋಗ್ರಾಮಿಂಗ್ ಭಾಷೆಯಲ್ಲಿಯೇ ಇರುವ ಸಿದ್ಧ ಸಾಧನವನ್ನು ಬಳಸುವುದು ಲೇಸು.

ವಿದ್ಯಾರ್ಥಿಗಳು ನೆನಪಿಡಬೇಕಾದ ನಿಯಮಗಳು ಇವು:

1. ಪ್ರತಿ ಪದರಕ್ಕೂ ಒಂದೇ ಬಾರಿ ಪರಿವರ್ತನೆ. ಎರಡು ಬಾರಿ ಮಾಡಿದರೆ %26 ಎಂಬುದು %2526 ಆಗಿ, ಒಮ್ಮೆ ಬಿಚ್ಚಿದರೂ & ಮರಳುವುದಿಲ್ಲ.

2. ಪುಟದ ಸ್ಥಳ ಬದಲಾದಾಗ, 301 (ಶಾಶ್ವತ) ಇರಲಿ 302 (ತಾತ್ಕಾಲಿಕ) ಇರಲಿ, ಹೊಸ ವಿಳಾಸಕ್ಕೆ ಹಳೆಯ ಪ್ರಶ್ನಾಂಶಗಳನ್ನು ಸರ್ವರ್ ತಾನೇ ಸೇರಿಸಬೇಕು, ಬ್ರೌಸರ್ ಸೇರಿಸುವುದಿಲ್ಲ.

3. ‘ವಿಧ=ಚಾಲಿ&ವಿಧ=ರಾಶಿ’ ಎಂದು ಒಂದೇ ಹೆಸರು ಎರಡು ಸಲ ಬಂದರೆ ಎರಡನ್ನೂ ಕ್ರಮವಾಗಿ ಉಳಿಸಬೇಕು.

4. ‘ಮುಂದೆ’ ಎಂಬಲ್ಲಿರುವ ವಿಳಾಸ ತನ್ನ ತಾಣದ್ದೇ ಎಂದು ಪರೀಕ್ಷಿಸಬೇಕು. ಇಲ್ಲವಾದರೆ ವಂಚಕರು ಓದುಗನನ್ನು ಬೇರೆಡೆಗೆ ಒಯ್ಯಬಲ್ಲರು.

ಉಪಾಧ್ಯಾಯರು ಈ ಮೂರು ವಿಳಾಸಗಳನ್ನು ಕಪ್ಪುಹಲಗೆಯ ಮೇಲೆ ಬರೆದು, & ಕಂಡಲ್ಲೆಲ್ಲ ಗೆರೆ ಎಳೆಯುವಂತೆ ಮಕ್ಕಳಿಗೆ ಹೇಳಿದರೆ ಸಾಕು; ತಪ್ಪು ಎಲ್ಲಿ ನುಸುಳುತ್ತದೆಂಬುದು ಅವರಿಗೇ ಗೋಚರಿಸುತ್ತದೆ. ಕೇಳಿದವನ ಪ್ರಶ್ನೆಯನ್ನು ಕೊನೆಯವರೆಗೂ ಪೂರ್ಣವಾಗಿ ತಲುಪಿಸಿದಾಗಲೇ ಸರಿಯಾದ ಉತ್ತರ ಸಾಧ್ಯ.